ಕೈಯೆತ್ತಿದವರು

ತೊಗಾಶಿ ಯಾಹೇ ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಾಗಿತ್ತು. ಸೊಂಟದಲ್ಲಿ ಖಡ್ಗ ಧರಿಸುವುದನ್ನು ಸರ್ಕಾರ ನಿಷೇಧಿಸಿ ಮೂವತ್ತು ವರ್ಷ ಕಳೆದಿದ್ದರೂ ಆ ಆಜ್ಞೆ ಅವರ ಶರೀರಕ್ಕೆ ಇನ್ನೂ ತಲುಪಿರಲಿಲ್ಲ. ಇಲ್ಲದ ಖಡ್ಗಗಳ ಭಾರಕ್ಕೆ ವಾಲಿಕೊಂಡು, ಎದುರು ಬರುವವನ ಒರೆಗೆ ತಮ್ಮ ಒರೆ ತಾಗಿ ಜಗಳವಾದೀತೆಂಬಂತೆ ಬೀದಿಯ ಎಡಬದಿಯನ್ನೇ ಹಿಡಿದು ನಡೆಯುತ್ತಿದ್ದರು. ಹಕಾಮಾ ಎಂಬ ನೆರಿಗೆಯ ಹಳೆಯ ಉಡುಪಿನ ಮೇಲೆ ಯಾವುದೋ ನಿವೃತ್ತ ಪೊಲೀಸಿನವನ ಕರಿಯ ಕೋಟು. ಎಷ್ಟೇ ಹಿಮ ಸುರಿಯಲಿ, ಅದರ ಗುಂಡಿ ಹಾಕುತ್ತಿರಲಿಲ್ಲ. ಕೇಳಿದರೆ, "ಗುಂಡಿ ಹಾಕಿದ್ರೆ ಸರ್ಕಾರದ ಆಳಾಗ್ತೀನಿ ಮೇಷ್ಟ್ರೆ, ಬಿಚ್ಚಿಟ್ರೆ ಬರೀ ಚಳಿಯಾಗುತ್ತೆ. ಹೌದೋ ಅಲ್ವೋ?" ಎನ್ನುತ್ತಿದ್ದರು. ಈ 'ಹೌದೋ ಅಲ್ವೋ' ಅವರ ಪ್ರತಿ ಮಾತಿನ ಬಾಲ. ಉತ್ತರಕ್ಕೆ ಮಾತ್ರ ಅವರು ಎಂದೂ ಕಾಯುತ್ತಿರಲಿಲ್ಲ.

ನಮ್ಮ ಕೋಟೆಯೂರಿನಲ್ಲಿ ಹಿಂದೆ ಸಮುರಾಯ್‌ಗಳೆಂದರೆ ಎರಡು ಜಾತಿಯೇ ಎನ್ನಬೇಕು. ಕುದುರೆಯೇರುವ ಹಕ್ಕಿದ್ದವರು ಮೇಲಿನವರು, ಕಾಲಾಳುಗಳು ಕೆಳಗಿನವರು. ತೊಗಾಶಿಯವರು ಕಾಲಾಳು. ಮಳೆಯಲ್ಲಿ ಕುದುರೆಯವರು ಎದುರಾದರೆ ಮರದ ಪಾದುಕೆ ಕಳಚಿ, ಕೆಸರಿನಲ್ಲಿ ಬರಿಗಾಲಿನಲ್ಲಿ ಬಾಗಿ ನಿಲ್ಲಬೇಕಾಗಿತ್ತು. ಹಳೆಯ ಕಾಲವನ್ನು ನೆನೆದು ನಿಟ್ಟುಸಿರಿಡುವ ಮುದುಕರ ನಡುವೆ ಈ ಮನುಷ್ಯ ನೆನೆಯುತ್ತಿದ್ದುದು ಆ ಕೆಸರನ್ನು. ಮಕ್ಕಳಿಗೆ ಅಕ್ಷರ ತಿದ್ದಿಸಿ ಹೊಟ್ಟೆ ಹೊರೆಯುತ್ತಿದ್ದರು; ಸಂಜೆ ಹೊತ್ತು ನಮ್ಮ ಮನೆಗೆ ಬಂದು, ನನ್ನ ಚಹಾವನ್ನು ಹುಲ್ಲು ತೊಳೆದ ನೀರೆಂದು ಬೈಯುತ್ತಲೇ ಮೂರು ಬಟ್ಟಲು ಕುಡಿಯುತ್ತಿದ್ದರು. ನಾನು ಇಲ್ಲಿಯ ಶಾಲೆಯಲ್ಲಿ ಚರಿತ್ರೆ ಕಲಿಸುವವನು. ಆದರೆ ಚರಿತ್ರೆಯೆಂಬುದಕ್ಕೆ ಸಿಟ್ಟೂ ಇರುತ್ತದೆಂದು ತಿಳಿದದ್ದು ಅವರಿಂದ.

ರಷ್ಯದ ಮೇಲೆ ಜಯವಾಗಿ ಊರೂರಲ್ಲಿ ಲಾಟೀನಿನ ಮೆರವಣಿಗೆ ನಡೆದ ಮರುವರ್ಷದ ಮಾತು. ನಮ್ಮ ಬೀದಿಯಲ್ಲಿ ಮರದ ಪೀಪಾಯಿಗಳನ್ನು, ಹೆಣ ಕೂರಿಸಿ ಹೂಳುವ ಪೀಪಾಯಿಗಳನ್ನೂ ಮಾಡುವ ಮನೆಯ ಹುಡುಗ ಸೇಕಿಚಿ ಊರಿಗೆ ಮರಳಿದ. ಮಂಚೂರಿಯದಲ್ಲಿ ತೊಡೆಗೆ ಗುಂಡು ತಗುಲಿ ಪ್ರಜ್ಞೆತಪ್ಪಿ ಬಿದ್ದವನನ್ನು ಶತ್ರುಗಳು ಎತ್ತಿಕೊಂಡು ಹೋಗಿ, ವಾಸಿಮಾಡಿ, ಸೆರೆಯಲ್ಲಿಟ್ಟು, ಸಂಧಿಯಾದ ಮೇಲೆ ಕಳುಹಿಸಿಕೊಟ್ಟಿದ್ದರು. ಅವನ ತಪ್ಪು ಅಷ್ಟೇ: ಸಾಯಲಿಲ್ಲ. ಊರು ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೀದಿಯ ಸ್ನಾನದ ಮನೆಯಲ್ಲಿ ಅವನು ಬಿಸಿನೀರಿಗಿಳಿದರೆ ಉಳಿದವರು ಏನೋ ಕೆಲಸ ನೆನಪಾದವರಂತೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಹೀಗಿರುವಾಗ ಒಂದು ಬೆಳಗ್ಗೆ ಅವನ ತಾಯಿ ಒತಾನೆ ಬಾಗಿಲು ತೆರೆದರೆ, ಹೊಸ್ತಿಲ ಮೇಲೆ ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಗಿಡ್ಡ ಕಠಾರಿ. ಇಟ್ಟವರ ಹೆಸರಿಲ್ಲ. ಹೊಟ್ಟೆ ಬಗೆದುಕೊಂಡು ಮಾನ ಉಳಿಸಿಕೋ ಎಂಬ ಸಜ್ಜನರ ಸೂಚನೆ! ಥೂ!

ಆ ಹೆಂಗಸು ಪೊಲೀಸರ ಬಳಿಗೆ ಹೋಗಲಿಲ್ಲ. ಬೀದಿಯಲ್ಲಿ ಸಮುರಾಯ್ ಎಂದು ಉಳಿದಿದ್ದವರು ತೊಗಾಶಿಯವರೊಬ್ಬರೇ ಆದ್ದರಿಂದ ಕಠಾರಿಯ ಗಂಟು ಹಿಡಿದು ನೇರ ಅವರ ಮನೆಗೆ ಬಂದಳು. ನಾನು ಅಲ್ಲೇ ಕುಳಿತಿದ್ದೆ.

"ಧಣಿ, ನಾವು ಪೀಪಾಯಿ ಮಾಡೋ ಜನ, ಇದರ ಪದ್ಧತಿ ನಮಗೆ ಗೊತ್ತಿಲ್ಲ" ಎಂದಳು ಒತಾನೆ, ತಲೆಯನ್ನು ಚಾಪೆಗೆ ಮುಟ್ಟಿಸಿ. "ಮಗನ್ನ ಯಾವ ದಿಕ್ಕಿಗೆ ಕೂರಿಸ್ಬೇಕು? ಹಳೇ ಚಾಪೆ ಆದ್ರೂ ನಡೆಯುತ್ತಾ? ಏನಾದ್ರೂ ತಪ್ಪಿದ್ರೆ ಆಮೇಲೂ ಜನ ನಗ್ತಾರೆ."

ತೊಗಾಶಿಯವರ ಬಟ್ಟಲು ಕೈಯಲ್ಲೇ ನಿಂತಿತು. "ಅವನೇನಂತಾನೆ?"

"ಆಗ್ಲಿ ಅಂತಾನೆ. ಊಟ ಬಿಟ್ಟಿದಾನೆ."

"ಅಯ್ಯೋ ತಾಯಿ! ಇದು ನಿಮ್ಮ ಪದ್ಧತಿಯಲ್ಲ, ನಿಮಗ್ಯಾಕೆ ಇದು?" ಎಂದು ಅವರು ಕೂಗಿದ ರಭಸಕ್ಕೆ ಕಾಗದದ ಬಾಗಿಲು ಅದುರಿತು. "ಮರ್ಯಾದೆ ನಮ್ಮ ಹತ್ರ ಇದ್ದಾಗ ನಿಮ್ಮನ್ನ ಅಂಗಳಕ್ಕೂ ಸೇರಿಸ್ಲಿಲ್ಲ. ಈಗ ಉಟ್ಟು ಹರಿದ ಬಟ್ಟೆ ಕೊಟ್ಟ ಹಾಗೆ ನಿಮಗೆ ಹಂಚ್ತಿದಾರೆ, ಹೌದೋ ಅಲ್ವೋ? ಆ ಕಠಾರಿ ಇಲ್ಲಿಡು. ಮಗನಿಗೆ ಹೇಳು, ನನ್ನನ್ನ ಹೂಳೋ ಪೀಪಾಯಿ ಅವನೇ ಮಾಡ್ಬೇಕು ಅಂತ. ಒಳ್ಳೇ ಹಲಗೇದು, ಸೋರಬಾರ್ದು. ನನಗೇನೂ ಅವಸರ ಇಲ್ಲ, ಅವನಿಗೂ ಇರಬಾರ್ದು."

ಒತಾನೆ ಅಳುತ್ತಲೇ ನಕ್ಕಳು. ಆದರೆ ಸೇಕಿಚಿ ಊಟ ಮಾಡಲಿಲ್ಲ. ಮುದುಕನೊಬ್ಬನ ಮಾತಿಗಿಂತ ಊರಿನ ಮೌನ ಅವನಿಗೆ ದೊಡ್ಡದಾಗಿ ಕೇಳಿಸುತ್ತಿತ್ತು.

ಅದೇ ವಾರ ರಾಜಧಾನಿಯಿಂದ ಶಿಯೊಮಿ ಎಂಬ ವಿದ್ವಾಂಸರು ನಮ್ಮ ಶಾಲೆಯ ಸಭಾಂಗಣಕ್ಕೆ ಭಾಷಣಕ್ಕೆಂದು ಬಂದರು. ಮನೆಗೊಬ್ಬರು ಬರಲೇಬೇಕೆಂದು ಬೀದಿಯ ಮುಖಂಡನ ಆಜ್ಞೆ. ಒತಾನೆ ಮಗನನ್ನು ಒಂಟಿಯಾಗಿ ಬಿಡಲು ಹೆದರಿ ಜೊತೆಗೇ ಕರೆತಂದು ಹಿಂದಿನ ಕಂಬದ ಬಳಿ ಕೂರಿಸಿದ್ದಳು. ವಿದ್ವಾಂಸರ ವಿಷಯ, ನಮ್ಮ ಸಮುರಾಯ್ ಧರ್ಮ ಮತ್ತು ಯುರೋಪಿನ ಯೋಧರ ಧರ್ಮ. ಅಲ್ಲಿಯ ಯೋಧನ ಹೆಸರನ್ನು ನಮ್ಮ ಮಾತಿಗೆ ತರುವಾಗ ಅವರು 'ಕುದುರೆ ಸವಾರ' ಎಂದರು. ಆಹಾ, ಏನು ವಾಗ್ಝರಿ! ಸ್ವಾಮಿನಿಷ್ಠೆ, ಸತ್ಯವಾಕ್ಯ, ದುರ್ಬಲರಲ್ಲಿ ಕರುಣೆ. ಸಾಗರದಾಚೆ ಈಚೆ ಹುಟ್ಟಿದ ಸಹೋದರರಂತೆ ಇಬ್ಬರು ವೀರರು. ಆ ಸವಾರ ಹೆಂಗಸರ ಮುಂದೆ ಮಂಡಿಯೂರುತ್ತಾನೆಂದಾಗ ಸಭೆ ನಕ್ಕಿತು. "ಇನ್ನೊಂದೇ ಭೇದ. ಸೋತರೆ ಅವರ ವೀರ ಕೈಯೆತ್ತುತ್ತಾನೆ. ನಮ್ಮವನಿಗೆ ಕೈಯೆತ್ತುವುದೇ ತಿಳಿಯದು!" ಚಪ್ಪಾಳೆಯೋ ಚಪ್ಪಾಳೆ. ತಟ್ಟುತ್ತಲೇ ತಲೆಗಳೆಲ್ಲ ಹಿಂದಿನ ಕಂಬದತ್ತ ತಿರುಗಿದವು.

ತೊಗಾಶಿಯವರು ಎದ್ದು ನಿಂತರು. "ಸ್ವಾಮಿ, ಆ ಕುದುರೆ ಸವಾರ ಕೈಯೆತ್ತಿದ ಮೇಲೆ ಅವನ ಗತಿ?"

"ಸೆರೆಯಾಗುತ್ತಾನೆ. ಮನೆಯವರು ಹಣ ತೆತ್ತು ಬಿಡಿಸಿಕೊಳ್ಳುತ್ತಾರೆ. ರಾಜರನ್ನೂ ಹಾಗೆ ಬಿಡಿಸಿಕೊಂಡದ್ದುಂಟು."

"ಊರಿಗೆ ಬಂದ್ಮೇಲೆ ಅವನು ನೀರಿಗಿಳಿದ್ರೆ ಜನ ಎದ್ದು ಹೋಗ್ತಾರಾ?"

ವಿದ್ವಾಂಸರು ನಕ್ಕರು. "ಇಲ್ಲವಪ್ಪ, ಔತಣ ಮಾಡುತ್ತಾರೆ."

"ಸರಿ. ಅವರ ಕಾಲಾಳು ಸಿಕ್ಕಿಬಿದ್ರೆ?"

"ಅವನಿಗಾಗಿ ಹಣ ಕೊಡುವವರು ಯಾರು? ಬಹುಮಟ್ಟಿಗೆ ಕೊಂದುಬಿಡುತ್ತಿದ್ದರು."

"ಹಾಗನ್ನಿ ಮತ್ತೆ! ಈಗ ನಂಬ್ತೀನಿ, ಇವರಿಬ್ರೂ ಅಣ್ತಮ್ಮಂದಿರೇ." ತೊಗಾಶಿಯವರ ದನಿಯಲ್ಲಿ ನಗೆಯಿರಲಿಲ್ಲ. "ನಮ್ಮೋರಿಗೆ ಕೈಯೆತ್ತೋಕೆ ಬರಲ್ಲ ಅಂದ್ರಲ್ಲ, ನಲವತ್ತು ವರ್ಷದ ಕೆಳಗೆ ಚಕ್ರವರ್ತಿಗಳ ದಂಡಿಗೆ ಈ ಕೋಟೆ ಬಿದ್ದ ದಿನ ಬಿಳೀ ಬಾವುಟ ಹಿಡಿದು ಹೊರಗೆ ಬಂದೋನು ನಾನು. ಹೊಲಿದೋರು ನಮ್ಮ ಹೆಂಗಸರು. ಕೋಟೆಯ ಒಡೆಯರು ನನ್ನ ಹಿಂದೇನೇ ಬಂದು ಕೈಯೆತ್ತಿದ್ರು. ಈಗ ರಾಜಧಾನೀಲಿ ಸೇವಂತಿಗೆ ಬೆಳೀತಿದಾರಂತೆ. ಬೆಳೀಲಿ, ನೂರು ವರ್ಷ ಬಾಳ್ಲಿ. ಆದ್ರೆ ಆ ದಂಡಿನ ಮೇಲೆ ಗುಂಡು ಹಾರಿಸಿದ ಅಪರಾಧ ಯಾರದಾದ್ರೂ ಆಗ್ಬೇಕಿತ್ತು. ಬಾಗಿಲು ಕಾಯ್ತಿದ್ದ ನಮ್ಮಣ್ಣನದು ಅಂತಾಯ್ತು. ಹೊಟ್ಟೆ ಬಗೆದುಕೊಂಡ. ನಗುನಗ್ತಾ ಸತ್ತ ಅಂತ ಕಲ್ಲಲ್ಲಿ ಕೆತ್ತಿಸಿದಾರೆ. ಸುಳ್ಳು! ರಾತ್ರಿಯೆಲ್ಲ ನನ್ನ ತೋಳು ಹಿಡಿದು ಅತ್ತ. ಬದುಕಿ ಬಂದ ನನ್ನ ಹೊಸ್ತಿಲ ಮೇಲೆ ಮಾತ್ರ ಯಾರೂ ಕಠಾರಿ ಇಡ್ಲಿಲ್ಲ. ಯಾಕೆ ಹೇಳಿ? ನನ್ನ ಹೊಸ್ತಿಲ ಮೇಲಿಟ್ರೆ ಒಡೆಯರ ಹೊಸ್ತಿಲ ಮೇಲೂ ಇಡ್ಬೇಕಾಗ್ತಿತ್ತು, ಹೌದೋ ಅಲ್ವೋ?"

ಅಂದು ಮೊದಲ ಸಲ ಅವರು ಉತ್ತರಕ್ಕೆ ಕಾದರು. ಆಮೇಲೆ ಕೋಟಿನೊಳಗಿಂದ ಬಿಳಿಯ ಬಟ್ಟೆಯ ಗಂಟನ್ನು ತೆಗೆದು ಭಾಷಣಕಾರರ ಮೇಜಿನ ಮೇಲಿಟ್ಟು, "ಇದು ಯಾರದೋ ಬಂದು ತಗೊಳ್ಳಿ" ಎಂದರು. ಯಾವ ಸಜ್ಜನನೂ ಏಳಲಿಲ್ಲ. ಅವರು ಸೀದಾ ಹಿಂದಿನ ಕಂಬದ ಬಳಿಗೆ ಹೋಗಿ, "ಏಳೋ ಸೇಕಿಚಿ, ಮೈ ನೋಯ್ತಿದೆ, ಸ್ನಾನಕ್ಕೆ ಹೋಗೋಣ" ಎಂದು ಅವನ ಕೈ ಹಿಡಿದೆಬ್ಬಿಸಿದರು.

ನಾನೂ ಹಿಂದೆಯೇ ಹೋದೆ. ಇಬ್ಬರೂ ನೀರಿಗಿಳಿದೊಡನೆ ಅಲ್ಲಿದ್ದವರು ಏಳತೊಡಗಿದರು. "ಏನ್ರೋ, ನೀರು ಆರಿಹೋಯ್ತಾ?" ಎಂದರು ತೊಗಾಶಿಯವರು. "ನಾನೂ ಕೈಯೆತ್ತಿದೋನೇ. ಇಷ್ಟು ವರ್ಷ ನನ್ನ ಜೊತೆ ಮೈ ನೆನೆಸಿ ಕೆಟ್ಟು ಹೋಗಿದೀರಿ, ಕೂತ್ಕೊಳ್ಳಿ." ಮೀನಿನಂಗಡಿಯವನು ಮೊದಲು ಕುಳಿತ. ಆಮೇಲೆ ಉಳಿದವರು. ಆ ಸಂಜೆ ಸೇಕಿಚಿ ತಾಯಿ ಬಡಿಸಿದ ಅನ್ನ ಉಂಡ. ಅವನು ಸಾಯಲಿಲ್ಲ, ಕುಂಟುತ್ತಲೇ ಮನೆಯ ಕಸುಬು ಹಿಡಿದ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ನನಗೆ ಈ ಬರಹದ ಅಗತ್ಯವೇ ಇರಲಿಲ್ಲ. ಆ ವಿದ್ವಾಂಸರು ರಾಜಧಾನಿಗೆ ಮರಳಿ ಪತ್ರಿಕೆಯಲ್ಲಿ ಬರೆದರು: ಉತ್ತರದ ಊರೊಂದರಲ್ಲಿ ತಮ್ಮ ಭಾಷಣ ಕೇಳಿ ವೃದ್ಧ ಸಮುರಾಯ್ ಒಬ್ಬರು ಕಣ್ಣೀರಿಟ್ಟು, ಅಣ್ಣನಂತೆ ಸಾಯಲಾಗಲಿಲ್ಲವೆಂದು ಹಲುಬಿ, ತಮ್ಮ ಕಠಾರಿಯನ್ನೇ ಕಾಣಿಕೆಯಾಗಿ ಅರ್ಪಿಸಿದರಂತೆ! ಓದಿ ಹೇಳಿದಾಗ ತೊಗಾಶಿಯವರು ಚಹಾ ಕುಡಿಯದೆ ಎದ್ದು ಹೋದರು. ಮುಂದಿನ ಚಳಿಗಾಲ ತೀರಿಕೊಂಡರು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ, ಒಂದು ಧರ್ಮದ ಬೆಲೆಯನ್ನು ಮನೆಯವರ ನೆತ್ತರಿನಲ್ಲಿ ತೆತ್ತವರು. ಆ ಧರ್ಮವನ್ನು ಹೊಗಳಲು ನಾವು ಅವರನ್ನೇ ಸಾಕ್ಷಿಗೆ ಕರೆಯುತ್ತೇವೆ. ಅವರು ಗಂಟಲು ಹರಿಯುವಂತೆ 'ಬೇಡ' ಎಂದು ಕೂಗಿದರೂ 'ಬೇಕು' ಎಂದು ಬರೆದುಕೊಳ್ಳುತ್ತೇವೆ. ಮುಂದಿನ ಯುದ್ಧಕ್ಕೆ ಪೀಪಾಯಿ ಮಾಡುವವರ ಮಕ್ಕಳನ್ನು ಕಳುಹಿಸುವಾಗ ಓದಿ ಹೇಳುವುದಕ್ಕೆ ಏನಾದರೂ ಬೇಕಲ್ಲ!