ನಡುತೊಲೆಯ ತುಂಡು

ಸೈನಿಕರು ಮನೆಯ ಛಾವಣಿ ಕಿತ್ತು, ಗೋಡೆಯ ಮೇಲುಸಾಲಿನ ದಿಮ್ಮಿಗಳನ್ನು ಒಂದೊಂದಾಗಿ ನದಿಯತ್ತ ಹೊತ್ತೊಯ್ದಾಗ ತೆಕ್ಲಾ ಸುಮ್ಮನಿದ್ದಳು. ನಡುತೊಲೆಗೆ ಕೈ ಹಾಕಿದಾಗ ಮಾತ್ರ ಅಡ್ಡ ಬಂದು ನಿಂತಳು.

"ಅದೊಂದು ಬಿಡ್ರಪ್ಪಾ. ನನ್ ಮಗ ಅದನ್ನ ಮುಟ್ಟಿ ಹೋಗಿದಾನೆ."

ಬೆರೆಜಿನಾ ದಂಡೆಯ ಆ ಹಳ್ಳಿಯಲ್ಲಿ ದೂರ ಹೊರಟವರು ಮನೆಯ ನಡುತೊಲೆಯನ್ನು ಅಂಗೈಯಿಂದ ಮುಟ್ಟಿಯೇ ಹೊಸ್ತಿಲು ದಾಟುತ್ತಿದ್ದರು. ಮುಟ್ಟಿದವರನ್ನು ತೊಲೆ ಮರಳಿ ಕರೆತರುತ್ತದೆ. ಬೇಸಿಗೆಯಲ್ಲಿ ಇದೇ ನೆಪೋಲಿಯನ್ ಸೇನೆ ವಾದ್ಯ ಬಾರಿಸುತ್ತ ನದಿ ದಾಟಿ ಪೂರ್ವಕ್ಕೆ ಹೋಗುವಾಗ, ಗಾಡಿ ಹೊಡೆಯಲೆಂದು ಅವಳ ಮಗ ಅಮೆಲ್ಯಾನನನ್ನು ಕುದುರೆಯ ಸಮೇತ ಎಳೆದೊಯ್ದಿತ್ತು. ಈಗ ಅದೇ ಸೇನೆ ಸೋತು, ಹರಕು ಕಂಬಳಿ ಹೊದ್ದು ಹಿಂದಿರುಗಿತ್ತು. ಬೆನ್ನ ಹಿಂದೆ ರಷ್ಯನ್ನರು, ಮುಂದೆ ಮಂಜುಗಡ್ಡೆ ತೇಲುವ ನದಿ. ಸೇತುವೆಗೆ ಮನೆಗಳ ಮರವೇ ಗತಿ.

ಕೊಡಲಿ ಹಿಡಿದಿದ್ದ ಬಡಗಿ ವಲೆಂತಿ ಪೋಲೆಂಡಿನವನು. ಅವನ ಮಾತು ಅವಳಿಗೆ ತಿಳಿಯುತ್ತಿತ್ತು.

"ನಮ್ ಕಡೇನೂ ಹಾಗೇ ಅವ್ವಾ. ಆದ್ರೆ ಇಷ್ಟುದ್ದದ ಮರ ಇನ್ನೊಂದಿಲ್ಲ. ಏನ್ ಮಾಡ್ಲಿ ಹೇಳು."

"ನೀನು ನಿಮ್ಮನೇದು ಮುಟ್ಟಿ ಬಂದ್ಯಾ?"

ಅವನು ಕೊಡಲಿಯ ಹಿಡಿ ಸವರಿದ. "ಎರಡು ದಿನದಲ್ಲಿ ವಾಪಸ್ ಅನ್ಕೊಂಡು ಹೊರಟೆ. ಮುಟ್ಲಿಲ್ಲ."

ತೊಲೆ ಹೋಯಿತು. ಉಳಿದದ್ದು ಬಯಲಲ್ಲಿ ನಿಂತ ಮಣ್ಣಿನ ಒಲೆಯೊಂದೇ, ಚಳಿಗಾಲದಲ್ಲಿ ಮನೆಯವರು ಮೇಲೆ ಮಲಗುತ್ತಿದ್ದ ಜಗಲಿಯಂಥ ದೊಡ್ಡ ಒಲೆ. ತೆಕ್ಲಾ ಅದನ್ನು ಆರಗೊಡಲಿಲ್ಲ.

"ಏನೇ, ಊರಿಗೆಲ್ಲ ಒಲೆ ಉರಿಸ್ತಿದ್ದೀಯಾ?" ಎಂದು ಪಕ್ಕದ ಮನೆಯ ಮುದುಕ ಗಾವ್ರಿಲ ಹಂಗಿಸಿದ. "ನಮ್ ಮನೆ ಮುರಿದೋರಿಗೇ ಉಪಚಾರ!"

"ಸೇತುವೆ ಕಟ್ಟೋಕೆ ಎದೆಮಟ್ಟ ನೀರಲ್ಲಿ ನಿಂತಿದಾರೆ ಕಣೋ. ಸೌದೆ ತಾ, ಆಮೇಲೆ ಬೈ."

ಬೈಯುತ್ತಲೇ ಸೌದೆ ತಂದ. ನೀಲಿಗಟ್ಟಿ ಬಂದವರನ್ನು ಸರದಿಯ ಮೇಲೆ ಬೆಚ್ಚನೆಯ ಒಲೆಜಗಲಿಯ ಮೇಲೆ ಮಲಗಿಸಿ, ತೆಕ್ಲಾ ಬೇಯಿಸಿದ ಟರ್ನಿಪ್ ಗೆಡ್ಡೆ ಕೊಟ್ಟಳು. ಬಿಡುವಾದಾಗಲೆಲ್ಲ ಸೇತುವೆಯ ಬಾಯಿಗೆ ಹೋಗಿ ದಾಟುವವರ ಮುಖ ನೋಡಿದಳು. ಅಮೆಲ್ಯಾನ್ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ರಷ್ಯನ್ನರು ದಾಟಿ ಬರದಂತೆ ಸೇತುವೆ ಸುಡಲು ಆಜ್ಞೆಯಾಯಿತು. ವಲೆಂತಿ ಕೆಮ್ಮುತ್ತ ಬಂದು, ಕೋಟಿನೊಳಗಿಂದ ಗೇಣುದ್ದದ ಮರದ ತುಂಡು ತೆಗೆದ. ಅಮೆಲ್ಯಾನನ ತೊಟ್ಟಿಲು ತೂಗಿದ ಕೊಂಡಿ ಅದರಲ್ಲಿ ಇನ್ನೂ ಇತ್ತು.

"ತೊಲೆ ಉದ್ದ ಜಾಸ್ತಿ ಆಯ್ತು ಅಂತ ಸಾಹೇಬ್ರಿಗೆ ಸುಳ್ಳು ಹೇಳಿ ಕೊಯ್ಕೊಂಡೆ."

ತೆಕ್ಲಾ ಅದನ್ನು ಎದೆಗೊತ್ತಿಕೊಂಡಳು. ಅವನು ಸೇತುವೆಯತ್ತ ತಿರುಗಿದಾಗ ಕೂಗಿದಳು, "ನಿಲ್ಲು, ಮುಟ್ಟಿ ಹೋಗು."

ವಲೆಂತಿ ನಕ್ಕ. "ಇದು ನಿಮ್ಮನೇದಲ್ವಾ ಅವ್ವಾ? ನನ್ನನ್ನ ಇಲ್ಲಿಗೇ ತರುತ್ತೆ."

"ತರ್ಲಿ. ಬಂದು ಬೆಚ್ಚಗಾಗು. ಇಲ್ಲಿಂದ ನಿಮ್ಮೂರಿಗೆ ನಾನೇ ಕಳಿಸ್ತೀನಿ."

ಚಳಿಗೆ ಸೆಟೆದ ಅವನ ಬೆರಳುಗಳು ತೆರೆಯಲಿಲ್ಲ. ಅವಳೇ ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಮರಕ್ಕೆ ಒತ್ತಿದಳು. ಅವನು ಹೋದ. ಸ್ವಲ್ಪ ಹೊತ್ತಿಗೆ ನದಿಯ ಮೇಲೆ ಹೊಗೆ ಎದ್ದಿತು.

ವಸಂತದಲ್ಲಿ ಹಿಮ ಕರಗಿ ನದಿ ಹೆಣಗಳನ್ನು ದಂಡೆಗೆ ತಂದಿತು. ಹೂಳಲು ಹೋದವರಲ್ಲಿ ಗಾವ್ರಿಲನೂ ಇದ್ದ. ಅಲ್ಲಿ ಯಾರನ್ನು ಕಂಡೆ ಎಂದು ಅವನು ಹೇಳಲಿಲ್ಲ, ತೆಕ್ಲಾಳೂ ಕೇಳಲಿಲ್ಲ.

ಹೊಸ ಮನೆ ಎದ್ದಾಗ ಅವಳು ಆ ತುಂಡನ್ನು ಅವನ ಕೈಗಿತ್ತಳು. "ಬಾಗಿಲ ಮೇಲೆ ಹೊಡಿ."

"ಗಟ್ಟಿ ತೊಲೆ ಇಟ್ಟಿದೀನಲ್ಲೇ, ಈ ಮೋಟು ಯಾಕೆ?"

"ಇಬ್ರು ಬರೋರಿದಾರೆ ಗಾವ್ರಿಲಾ."

ಗಾವ್ರಿಲ ಮುಖ ಆಚೆ ತಿರುಗಿಸಿಕೊಂಡು ಮೊಳೆ ಹೊಡೆದ. ಆಮೇಲೆ ಭದ್ರವಾಗಿರಲೆಂದು ಇನ್ನೊಂದು.