ಮೊದಲನೆಯ ಡಿಸ್ಕ್

ಕೊನೆಯ ಸ್ಕ್ರೂ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಕಂಪ್ಯೂಟರನ್ನು ಅಡ್ಡ ಮಲಗಿಸಿ, ಅದರ ಬದಿಯ ತಗಡನ್ನು ಕುರ್ಚಿಗೆ ಒರಗಿಸಿದ್ದಳು. ಪಕ್ಕದಲ್ಲಿ ಫೋನು ಸ್ಪೀಕರಿನಲ್ಲಿತ್ತು.

"ಸ್ಕ್ರೂ ಎಲ್ಲ ಒಂದು ಬಟ್ಟಲಲ್ಲಿ ಹಾಕಿಡು. ಹೋದ ಸಲ ಒಂದು ಮಿಕ್ಕಿತ್ತು," ಎಂದ ಗಂಡ.

"ಹೋದ ಸಲ ಮುಚ್ಚಿದ್ದು ನೀವು."

"ಅದಕ್ಕೇ ಹೇಳಿದ್ದು." ನಕ್ಕ. "ಕಪ್ಪಗಿರೋ ಡಿಸ್ಕ್ ನನ್ನದು. ಅದನ್ನ ಬಿಚ್ಚಿ ಕೊರಿಯರ್ ಮಾಡಿಬಿಡು. ನಿನ್ನದನ್ನ ಮುಟ್ಟೋದೇ ಬೇಡ."

"ಮನೆಗೆ ಬಂದಾಗ ನಿಮಗೆ ಬೇಡ್ವಾ ಅದು?"

"ಇಲ್ಲೇ ನನ್ನ ಹತ್ರ ಇದ್ರೆ ಅನುಕೂಲ ಅಲ್ವಾ. ತೆಗೆದ ಮೇಲೆ ಆನ್ ಆಗದೇ ಇದ್ರೆ ಹೇಳು, ಭಾನುವಾರ ಬಂದು ನೋಡ್ತೀನಿ."

ಕೆಲಸಕ್ಕೆಂದು ಅವನು ಬೇರೆ ಊರಿಗೆ ಹೋದ ಹೊಸದರಲ್ಲಿ ವಾರವಾರವೂ ಬರುತ್ತಿದ್ದ. ಆಮೇಲೆ ತಿಂಗಳಿಗೊಮ್ಮೆ ಆಯಿತು. ಈಚೆಗೆ ಅದಕ್ಕೂ ಏನಾದರೊಂದು ಅಡ್ಡ ಬರುತ್ತಿತ್ತು.

ಡಿಸ್ಕನ್ನು ಬಿಚ್ಚಿ, ಧೂಳು ಒರೆಸಿ, ಸಣ್ಣ ಡಬ್ಬಿಯಲ್ಲಿಟ್ಟು ಕಂಪ್ಯೂಟರಿನ ಗುಂಡಿ ಒತ್ತಿದಳು. ಎಂದಿನಂತೆ ಮೊದಲು ಫೋಟೋ ಬಂತು. ಇಬ್ಬರೂ ಕೂತು ಇದನ್ನು ಜೋಡಿಸಿದ ದಿನ ಅವನು ತೆಗೆದದ್ದು. ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಅವಳು ನಗುತ್ತಿದ್ದಳು. ಕಂಪನಿಯ ಗುರುತು ಬರಬೇಕಾದ ಜಾಗದಲ್ಲಿ ಅವನೇ ಅದನ್ನು ಕೂರಿಸಿದ್ದ. ಫೋಟೋ ಹೋದ ಮೇಲೆ, ಯಾರ ಡಿಸ್ಕಿನಿಂದ ಶುರುಮಾಡಬೇಕೆಂದು ಕೇಳುವ ಎರಡು ಸಾಲು ಬರಬೇಕಿತ್ತು: ಮೇಲೆ ಅವನ ಹೆಸರು, ಕೆಳಗೆ ಅವಳದು. ತಕ್ಷಣ ಕೆಳಗಿನ ಬಾಣದ ಕೀಲಿ ಒತ್ತದಿದ್ದರೆ ಕಂಪ್ಯೂಟರು ತಾನಾಗಿ ಅವನ ಡಿಸ್ಕಿಗೆ ಹೋಗಿಬಿಡುತ್ತಿತ್ತು.

ಇವತ್ತು ಸಾಲುಗಳು ಬರಲಿಲ್ಲ. ಶುರುಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂದು ಕಪ್ಪು ಪರದೆ ಹೇಳಿತು.

ಅವಳ ಡಿಸ್ಕಿಗೆ ಏನೂ ಆಗಿರಲಿಲ್ಲ. ಎರಡೂ ಡಿಸ್ಕುಗಳನ್ನು ಎಬ್ಬಿಸುವ ಫೈಲುಗಳನ್ನು ಅವನು ತನ್ನದರಲ್ಲೇ ಇಟ್ಟಿದ್ದ, ಅಷ್ಟೇ.

ಅವಳಿಗೆ ಬೇಸರವಾಗಲಿಲ್ಲ. ಆನ್ ಆಗದಿದ್ದರೆ ಭಾನುವಾರ. ಹಾಸಿಗೆಯ ಹೊದಿಕೆ ಬದಲಿಸಬೇಕು, ಬಚ್ಚಲಿನ ಬಲ್ಬು ಹಾಕಿಸಬೇಕು ಎಂದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕೂತಳು.

ಆದರೆ ಪ್ರೆಸ್ಸಿಗೆ ಶಾಲಾಪುಸ್ತಕದ ಪುಟಗಳನ್ನು ಜೋಡಿಸಿ ಸಂಜೆಯೊಳಗೆ ಕಳಿಸಬೇಕಿತ್ತು. ಅವಳ ಅನ್ನ ಅದು. ರಿಪೇರಿಯ ಪೆನ್‌ಡ್ರೈವ್ ಹುಡುಕಿ ಚುಚ್ಚಿದಳು. ಒಮ್ಮೆ ತಪ್ಪಿ, ಮತ್ತೊಮ್ಮೆ ಕೂತು, ಎಬ್ಬಿಸುವ ಫೈಲುಗಳನ್ನು ತನ್ನ ಡಿಸ್ಕಿನಲ್ಲೇ ಹಾಕಿದಳು. ಮತ್ತೆ ಆನ್ ಮಾಡಿ, ಡಿಲೀಟ್ ಕೀಲಿ ಒತ್ತಿ ಸೆಟ್ಟಿಂಗಿಗೆ ಹೋದಳು. ಯಾವುದು ಮೊದಲು ಎಂದು ಕೇಳುವಲ್ಲಿ ತನ್ನದನ್ನು ಮೇಲೆ ತಂದಳು. ಶುರುವಿನ ಫೋಟೋ ತೆಗೆಯುವ ಆಯ್ಕೆಯೂ ಅಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಫೋಟೋದಲ್ಲಿದ್ದದ್ದು ಅವಳೇ ತಾನೇ.

ಈ ಸಲ ಫೋಟೋ ಬಂದು ಹೋಯಿತು. ಸೀದಾ ಅವಳ ಪುಟಗಳು ತೆರೆದುಕೊಂಡವು. ಅಭ್ಯಾಸದಿಂದ ಬಾಣದ ಕೀಲಿಗೆ ಹೋದ ಬೆರಳು ಅಲ್ಲೇ ನಿಂತಿತು.

ಫೋನು ಬಂತು. ಕಂಪ್ಯೂಟರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಅದು ಅವನಿಗೆ ಕೇಳದಂತೆ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು ಎತ್ತಿದಳು.

"ಏನಾಯ್ತು, ಆನ್ ಆಯ್ತಾ?"

"ಇಲ್ಲ."

"ಏನಂತ ಬರ್ತಿದೆ?"

"ಡಿಸ್ಕ್ ಸಿಗ್ತಿಲ್ಲ ಅಂತ."

"ಓ, ಅದಾ. ನೋಡು, ಈ ಭಾನುವಾರ ಆಗೋ ಹಾಗೆ ಕಾಣಲ್ಲ. ಅಂಗಡಿಯವನನ್ನ ಕರೆಸಿಬಿಡು, ಐದು ನಿಮಿಷದ ಕೆಲಸ. ನನ್ನ ಡಿಸ್ಕ್ ಮಾತ್ರ ನಾಳೆನೇ ಕಳಿಸು, ಮರೀಬೇಡ."

"ಮರೆಯಲ್ಲ."

"ಬೇಜಾರಾಯ್ತಾ?"

"ಇಲ್ಲಪ್ಪ. ಸ್ಕ್ರೂ ಒಂದು ಮಿಕ್ಕಿದೆ, ಅಷ್ಟೇ."

ಅವನು ನಕ್ಕು ಫೋನಿಟ್ಟ.

ಒಳಗೆ ಬಂದು ಪುಟಗಳನ್ನು ಮುಗಿಸಿ ಪ್ರೆಸ್ಸಿಗೆ ಕಳಿಸಿದಳು. ಆಮೇಲೆ ಸ್ಟೂಲು ಹತ್ತಿ, ಕಂಪ್ಯೂಟರಿನ ಕ್ಯಾಬಿನೆಟ್ಟು ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದಳು. ಡಿಸ್ಕಿನ ಸಣ್ಣ ಡಬ್ಬಿಯನ್ನು ಅದರ ತಳದಲ್ಲಿಟ್ಟು, ಅಲುಗಾಡದಿರಲೆಂದು ಸುತ್ತ ಅವನ ಸ್ವೆಟರನ್ನು ತುರುಕಿದಳು.

ಪೆಟ್ಟಿಗೆಯಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಬೀರುವಿನ ಹತ್ತಿರ ಹೋಗಿ, ಅವನ ಕಡೆಯ ಬಾಗಿಲು ತೆರೆದಳು.