ಫಾರಿನ್ನಿಗೆ ಹನ್ನೊಂದೂವರೆ ಬಸ್ಸು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳಲು ನಾನು ಯಾರು ಎಂದು ನೀವು ಕೇಳುವ ಮೊದಲೇ ನಾನೇ ನಾಲ್ಕು ಸಲ ಕೇಳಿಕೊಂಡಿದ್ದೇನೆ. ಹೆಸರು ಮಂಜುಶ್ರೀ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಬೀಜ ಪರೀಕ್ಷೆಯ ಸಹಾಯಕಿ. ಹಗಲು ಕೆಲಸ, ಸಂಜೆ ಕಾಲೇಜು ಎಂದು ಡಿಗ್ರಿ ಮುಗಿಸಿದವಳು. ನಮ್ಮ ಸಂಜೆ ಕ್ಲಾಸಿನಲ್ಲಿ ಕನ್ನಡದ ಮೇಷ್ಟ್ರು ಕಥೆಯ ಲಕ್ಷಣಗಳನ್ನು ಹೇಳುವ ಹೊತ್ತಿಗೆ ಸರಿಯಾಗಿ ನಮ್ಮೂರು ಕೆರಗೋಡಿನ ಬಸ್ಸಿನ ಟೈಮ್ ಆಗುತ್ತಿತ್ತು. ನಾನು ಯಾವಾಗಲೂ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಹಾಗಾಗಿ ಕಥೆ ಹೇಗೆ ಶುರುವಾಗುತ್ತದೆ ಎನ್ನುವುದು ಅಷ್ಟಿಷ್ಟು ಗೊತ್ತು. ಮುಗಿಸುವುದನ್ನು ಕಲಿಸಿದ ದಿನ ನಾನಿರಲಿಲ್ಲ.

1

ಆದರೂ, ಎಲ್ಲಿಂದ ಶುರು ಮಾಡುವುದು?

ಮೊದಲ ಡ್ರಾಫ್ಟು: "ವಿಮಾನ ಮೋಡಗಳನ್ನು ಸೀಳಿಕೊಂಡು ಮೇಲೇರಿತು." ಹರಿದು ಹಾಕಿದೆ. ನಾನು ವಿಮಾನ ಹತ್ತಿಲ್ಲ. ಅದು ಮೋಡವನ್ನು ಸೀಳುತ್ತದೋ, ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೋ, ಗುರುವಾರ ಗೊತ್ತಾಗಬೇಕು.

ಎರಡನೇ ಡ್ರಾಫ್ಟು: "ಬುದ್ಧನ ಫೋಟೊದ ಕೆಳಗೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು." ಇದು ನಿಜ. ಆದರೆ ಆಮೇಲೆ ಒಂದೂವರೆ ಪುಟ ಸೂಟ್‌ಕೇಸಿನೊಳಗೆ ಏನೇನಿತ್ತು ಎಂದೇ ಬರೆದೆ. (ರಾಗಿ ಹಿಟ್ಟು ಆರು ಕೆಜಿ, ಖಾರದ ಪುಡಿ ಎರಡು ಕೆಜಿ, ಕುಕ್ಕರು, ಕುಕ್ಕರಿನ ಎರಡು ಗ್ಯಾಸ್ಕೆಟ್ಟು, ಮಗುವಿನ ಸ್ವೆಟರು. ಸ್ವೆಟರು ಯಾಕೆ ಎಂದು ಕೇಳಬೇಡಿ. ಅಲ್ಲಿ ನಮಗಿಂತ ಸೆಕೆಯಂತೆ.) ಕಥೆ ಹೋಗಿ ದಿನಸಿ ಚೀಟಿಯಾಯಿತು.

ಇದು ಮೂರನೆಯದು. ವಿಷಯಕ್ಕೇ ಬರುತ್ತೇನೆ. ಫಿಲಿಪ್ಪೀನ್ಸ್‌ನಲ್ಲಿ ಭತ್ತದ ಬೀಜ ಕಾಪಿಡುವ ಕೇಂದ್ರವೊಂದರಲ್ಲಿ ಹತ್ತು ತಿಂಗಳ ತರಬೇತಿಗೆ ನನ್ನನ್ನು ಆರಿಸಿದ್ದಾರೆ. ನಾಲ್ಕು ವರ್ಷದ ಮಗಳು ಮೈತ್ರಿಯನ್ನು ಕರೆದುಕೊಂಡು ಹೋಗಬಹುದು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪ್ಲೇಹೋಮ್ ಇದೆ. ಇಬ್ಬರಿಗೂ ಟಿಕೆಟ್ ಆಗಿದೆ. ಮೈತ್ರಿ ನನ್ನ ಜೊತೆ ಬರುತ್ತಾಳೋ, ಅಥವಾ ಕೆರಗೋಡಿನಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತಾಳೋ? ಇಡೀ ಕಥೆ ಇಷ್ಟೇ. ಇದಕ್ಕಿಂತ ದೊಡ್ಡದು ಬೇಕಿದ್ದವರು ಇಲ್ಲೇ ಇಳಿಯಬಹುದು.

2

ಅಜ್ಜಿ ಎಂದರೆ ನನ್ನ ಅತ್ತೆ ಮರಿತಾಯಮ್ಮ. ಮಗುವಿಗೆ ಮೂರು ತಿಂಗಳಾದಾಗ ನಾನು ಕಡೇ ವರ್ಷದ ಪರೀಕ್ಷೆ ಬರೆಯಬೇಕಿತ್ತು. "ಮುಂದಿನ ಸಲ ಬರೀತೀನಿ ಬಿಡಿ" ಎಂದಿದ್ದಕ್ಕೆ ಅತ್ತೆ, "ಮುಂದ್ಲ ಸಲ ಇನ್ನೇನ್ ಅಡ್ಡ ಬತ್ತದೋ, ನಡಿ" ಎಂದು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮಂಡ್ಯಕ್ಕೆ ಬಂದರು. ನಾನು ಒಳಗೆ ಬರೆಯುವಾಗ ಅವರು ಕಾಲೇಜಿನ ಕಾಂಪೌಂಡಿನ ಹೊಂಗೆ ಮರದ ನೆರಳಲ್ಲಿ, ಆರು ದಿನ, ಆರು ಪೇಪರು. ನನ್ನ ಸರ್ಟಿಫಿಕೇಟಿನಲ್ಲಿ ಆ ಮರದ ಹೆಸರೂ ಇಲ್ಲ, ಅವರದ್ದೂ ಇಲ್ಲ.

ಮೈತ್ರಿಗೆ ಮುದ್ದೆ ನುಂಗುವುದನ್ನು ಕಲಿಸಿದ್ದು ಅತ್ತೆ. ಅಗಿಯದೆ, ಸಾರಿನಲ್ಲಿ ಅದ್ದಿ, ಗುಳುಕ್ ಎಂದು. ನಾನು ಮಾಡುವ ಮುದ್ದೆ ಗಂಟು ಬರುತ್ತದೆ. ಅದನ್ನು ಅವಳು ಮುಟ್ಟುವುದಿಲ್ಲ.

(ಈ ಪುಟಗಳನ್ನು ನನ್ನ ಗಂಡ ಶಿವರಾಮು ನಿನ್ನೆ ಸಂಜೆ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದರು. ಹೀಗಾಗಿ ಈ ಕಥೆಯ ಪಾತ್ರಗಳು ಕಥೆ ಮುಗಿಯುವ ಮೊದಲೇ ಜಗಳಕ್ಕೆ ಬಂದಿವೆ.

"ಹೊಂಗೆ ಮರ ಅಲ್ಲ ಕಣಮ್ಮಿ, ಬೇವಿನ್ ಮರ" ಎಂದರು ಅತ್ತೆ.

"ಹೊಂಗೆ ಅಂತ ನೆನಪು ಅತ್ತೆ."

"ನೀ ಒಳಗಿದ್ದೆ, ಮರದ ಕೆಳಗಿದ್ದೋಳು ನಾನು."

ತಿದ್ದಿಕೊಳ್ಳಿ: ಬೇವಿನ ಮರ.

ಶಿವರಾಮು ಭಾರತೀನಗರದ ಕಾಲೇಜೊಂದರ ಆಫೀಸಿನಲ್ಲಿದ್ದಾರೆ, ಹತ್ತು ತಿಂಗಳು ರಜೆ ಸಿಗುವುದಿಲ್ಲ. "ನಾನು ಇದ್ರಲ್ಲಿ ಎಲ್ಲಿ ಬತ್ತೀನಿ?" ಎಂದು ಕೇಳಿದರು. ಈಗ ಬಂದಿರಿ, ಎಂದೆ.)

3

ನಾನು ಅಂಜುವವಳು. ಅಂಜುವವರು ಯಾವುದನ್ನೂ ಪರೀಕ್ಷೆ ಮಾಡದೆ ಬಿಡುವುದಿಲ್ಲ. ನನ್ನ ಕೆಲಸವೂ ಅದೇ. ಒಂದು ಮೂಟೆ ಬಿತ್ತನೆ ಭತ್ತ ರೈತರ ಕೈಗೆ ಹೋಗುವ ಮೊದಲು ಅದರಿಂದ ನಾನೂರು ಕಾಳು ಎಣಿಸಿ, ಒದ್ದೆ ಕಾಗದದ ಮೇಲೆ ಜೋಡಿಸಿ, ಸುರುಳಿ ಸುತ್ತಿಡುತ್ತೇವೆ. ಹದಿನಾಲ್ಕನೇ ದಿನ ಬಿಚ್ಚಿ ನೋಡಿ, ಎಷ್ಟು ಮೊಳೆತಿವೆ ಎಂದು ಬರೆಯುತ್ತೇವೆ. ಮೊಳೆಯದಿದ್ದರೆ ಆ ಮೂಟೆ ಹೊರಗೆ ಹೋಗುವುದಿಲ್ಲ.

ಮಗಳನ್ನೂ ಹದಿನಾಲ್ಕು ದಿನ ಪರೀಕ್ಷೆ ಮಾಡೋಣ ಎಂದು ನನಗೆ ಹೊಳೆಯಿತು.

(ನಗಬೇಡಿ. ಒಂದೇ ಕಾಳಿನ ಮೇಲೆ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ನನಗೂ ಗೊತ್ತು. ಆದರೆ ನನ್ನ ಹತ್ತಿರ ಇದ್ದದ್ದು ಒಂದೇ.)

ನಮ್ಮ ಲ್ಯಾಬಿನ ಹಿರಿಯರು ನಾಗಯ್ಯ, ಎರಡು ವಾರ ಮಳವಳ್ಳಿಯ ಮಗಳ ಮನೆಗೆ ಹೊರಟಿದ್ದರು. ನನ್ನ ಯೋಜನೆ ಕೇಳಿ, ಒಂದು ಪ್ರಶ್ನೆಯನ್ನೂ ಕೇಳದೆ, ಮಂಡ್ಯದ ತಮ್ಮ ಮನೆಯ ಬೀಗದ ಕೈ ಕೊಟ್ಟರು. ಸೂಟ್‌ಕೇಸು ಕೂಡ ಅವರದ್ದೇ. ಅವರಿಗೆ ಈ ಕಥೆಯಲ್ಲಿ ಇನ್ನೂ ಹೆಚ್ಚು ಜಾಗ ಕೊಡಬೇಕಿತ್ತು. ಒಳ್ಳೆಯವರನ್ನು ಬರೆಯುವುದು ಕಷ್ಟ, ಅವರು ಬೇಗ ಮುಗಿದುಹೋಗುತ್ತಾರೆ.

ನಿಯಮಗಳು ಹೀಗಿದ್ದವು. ಅಜ್ಜಿ ಇಲ್ಲ. ಮುದ್ದೆ ಇಲ್ಲ, ಬರೀ ಅನ್ನ. ನಾನು ಕೆಲಸಕ್ಕೆ ಹೋದಾಗ ಮಗು ಪಕ್ಕದ ಬೀದಿಯ ಪ್ಲೇಹೋಮ್‌ನಲ್ಲಿ. ಸಂಜೆ ಅಜ್ಜಿಯ ಜೊತೆ ವಿಡಿಯೊ ಕಾಲ್, ಹತ್ತು ನಿಮಿಷ. ಮೊದಲ ದಿನ ಬೀಗ ತೆಗೆಯುತ್ತಾ ಮೈತ್ರಿಗೆ ಹೇಳಿದೆ: "ಇದು ಫಾರಿನ್ ಅಂದ್ಕೋ, ಆಯ್ತಾ?"

ಈ ವಾಕ್ಯವನ್ನು ಗುರುತು ಹಾಕಿಕೊಳ್ಳಿ. ತಪ್ಪು ನಡೆದದ್ದು ಇಲ್ಲಿ.

3 (ಮತ್ತೆ)

ನನ್ನ ನೋಟ್‌ಬುಕ್ಕಿನಿಂದ:

ದಿನ 1. ಅತ್ತಳು. ಊಟ ಇಲ್ಲ.
ದಿನ 2. ಅತ್ತಳು. ಊಟ ಎರಡು ತುತ್ತು.
ದಿನ 3. ಅಳಲಿಲ್ಲ!
ದಿನ 5. ರಾತ್ರಿ ಊಟ ಕಡಿಮೆ, ಆದರೆ ಗೆಲುವಾಗಿದ್ದಾಳೆ.
ದಿನ 9. ಅಜ್ಜಿ ಬೇಕು ಎನ್ನಲಿಲ್ಲ. ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಸುಮ್ಮನೆ ನಗುತ್ತಿದ್ದರು.
ದಿನ 14. ಉತ್ತಮ.

"ಉತ್ತಮ" ಎನ್ನುವುದನ್ನು ಕೆಂಪು ಪೆನ್ನಿನಲ್ಲಿ ಬರೆದು, ಅಡಿಗೆರೆ ಎಳೆದು, ನನ್ನ ಮಗಳ ಬಗ್ಗೆ ಹೆಮ್ಮೆ ಪಟ್ಟೆ. ನನ್ನ ಬಗ್ಗೆಯೂ. ಆ ಒಂಬತ್ತನೇ ದಿನದ ನಗುವನ್ನು ನೋಡಿ ನಿಮಗೆ ಆಗಲೇ ಅನುಮಾನ ಬಂದಿರಬಹುದು. ನನಗೆ ಬರಲಿಲ್ಲ.

4

ಮೊನ್ನೆ ಭಾನುವಾರ ಕೆರಗೋಡಿನ ಮನೆಯಲ್ಲಿ ಪ್ಯಾಕಿಂಗ್. ಪಕ್ಕದ ಮನೆಯ ಶಿವನಂಜಮ್ಮ ಹಪ್ಪಳ ತಂದುಕೊಟ್ಟು, ಮೈತ್ರಿಯ ಗಲ್ಲ ಹಿಡಿದು ಕೇಳಿದರು: "ಏನವ್ವ, ಫಾರಿನ್ನಿಗೆ ಹೋಯ್ತೀಯಂತೆ?"

"ಹೋಗ್ಬುಟ್ಟು ಬಂದೆ" ಎಂದಳು ಮೈತ್ರಿ. "ಮತ್ತೆ ಹೋಯ್ತೀನಿ."

"ಅಜ್ಜಿ ಬುಟ್ಟು ಇರ್ತೀಯಾ?"

"ಅಜ್ಜಿನೂ ಬತ್ತಾಳೆ. ದಿನಾ ಹನ್ನೊಂದೂವರೆ ಬಸ್ಸಿಗೆ. ಇಟ್ಟು ತತ್ತಾಳೆ."

ಶಿವನಂಜಮ್ಮ ಜೋರಾಗಿ ನಕ್ಕರು. ನಾನು ಅಳೆಯುತ್ತಿದ್ದ ಖಾರದ ಪುಡಿಯನ್ನು ಕೆಳಗಿಟ್ಟೆ. ಅತ್ತೆ ಅಡುಗೆಮನೆಯಲ್ಲಿ ಇದ್ದಕ್ಕಿದ್ದಂತೆ ತುಂಬ ಪಾತ್ರೆ ತೊಳೆಯತೊಡಗಿದರು.

ಮೂರನೇ ದಿನದಿಂದ ಹದಿನಾಲ್ಕನೇ ದಿನದವರೆಗೆ, ಭಾನುವಾರ ಬಿಟ್ಟು, ಅವರು ಹನ್ನೊಂದೂವರೆ ಬಸ್ಸಿಗೆ ಮಂಡ್ಯಕ್ಕೆ ಬಂದಿದ್ದಾರೆ. ಟಿಫನ್ ಕ್ಯಾರಿಯರಿನಲ್ಲಿ ಮೈತ್ರಿ ಹೇಳಿದ ಇಟ್ಟು, ಅಂದರೆ ಮುದ್ದೆ, ಜೊತೆಗೆ ಬಸ್ಸಾರು. ಪ್ಲೇಹೋಮ್‌ನ ಗೇಟಿನ ಬಳಿ ಮಗುವನ್ನು ಕೂರಿಸಿಕೊಂಡು ತಿನ್ನಿಸಿ, ಬಾಯಿ ಒರೆಸಿ, ಎರಡು ಗಂಟೆಯ ಬಸ್ಸಿಗೆ ವಾಪಸ್. ಅಲ್ಲಿಯ ಆಯಾಳನ್ನು "ನಮ್ಮ ಮಂಜಿಗೆ ಹೇಳ್ಬುಟ್ಟೀಯ" ಎಂದು ಒಪ್ಪಿಸಿಯೂ ಆಗಿತ್ತು.

"ಅತ್ತೆ, ಹಾಗಾದ್ರೆ ಪರೀಕ್ಷೆ ಏನಾಯ್ತು?" ಎಂದೆ. ನನ್ನ ದನಿ ಏರಿತ್ತು; ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. "ಹದಿನಾಲ್ಕು ದಿನ ನಾನು ಬರ್ಕೊಂಡಿದ್ದೆಲ್ಲ ಸುಳ್ಳಾಯ್ತಲ್ಲ!"

ಅವರು ಕೈ ಒರೆಸಿಕೊಂಡು ಬಾಗಿಲಿಗೆ ಬಂದರು. "ನಿಮ್ ಆಫೀಸಲ್ಲಿ ಕಾಳು ಮೊಳ್ಕೆ ಕಟ್ತೀರಲ್ಲ, ಒಣಗಿದ್ ಕಾಗ್ದದ್ ಮ್ಯಾಲೆ ಕಟ್ತೀರಾ?"

"ಇಲ್ಲ. ಒದ್ದೆ ಕಾಗದ."

"ನೀರು ಯಾರ್ ಹಾಕದು?"

"ನಾನೇ."

"ನಾನೂ ಅಷ್ಟೇ ಮಾಡಿದ್ದು ಕಣಮ್ಮಿ. ಅದ್ಕೆ ಇಂಗ್ ಎಗ್ರಾಡ್ತೀಯಲ್ಲ."

ಐದು ವರ್ಷ ಲ್ಯಾಬಿನಲ್ಲಿ ದುಡಿದ ನಾನು, ಕೆಳಗಿಟ್ಟಿದ್ದ ಖಾರದ ಪುಡಿಯನ್ನು ಎತ್ತಿಕೊಂಡು ಮತ್ತೆ ಮೊದಲಿನಿಂದ ಅಳೆಯತೊಡಗಿದೆ.

5

ಆದರೆ ಮೈತ್ರಿ ಖುಷಿಯಿಂದ ಹೊರಟಿದ್ದದ್ದು ಬಸ್ಸು ಹೋಗುವ ಫಾರಿನ್ನಿಗೆ. ಆ ಊರು ಇಲ್ಲ. ಅದನ್ನು ಕಟ್ಟಿದವಳು ನಾನು, ಅದಕ್ಕೆ ಬಸ್ಸು ಬಿಟ್ಟವರು ಅತ್ತೆ.

ಶಿವರಾಮು ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದರು: "ಈಗ ಏನೂ ಹೇಳ್ಬೇಡ ಬುಡೆ. ನಗ್ತಾ ಹೊಂಟವ್ಳೆ. ಅಲ್ಲಿಗೆ ಹೋದ್ಮೇಲೆ ತಾನೇ ಗೊತ್ತಾಯ್ತದೆ."

ನಾನು ಸುಮಾರು ಒಂದು ಗಂಟೆ ಹಾಗೇ ಮಾಡುವವಳಿದ್ದೆ. (ಆ ಒಂದು ಗಂಟೆಯ ಕಥೆಯನ್ನೂ ಬರೆದು ನೋಡಿದೆ. ಅದರಲ್ಲಿ ಏರ್‌ಪೋರ್ಟಿನಲ್ಲಿ ಎಲ್ಲರೂ ಕೈ ಬೀಸುತ್ತಾರೆ, ಮಗು ನಗುತ್ತದೆ, ಓದಲು ಬಹಳ ಚೆನ್ನಾಗಿದೆ. ಹರಿದು ಹಾಕಿದೆ.) ತಡೆದವರು ಅತ್ತೆ. ಮಗು ಇಲ್ಲೇ ಉಳಿಯಲಿ ಎನ್ನುವ ಆಸೆ ಯಾರಿಗಾದರೂ ಇದ್ದರೆ ಅದು ಅವರಿಗೇ. ಒಂದು ದಿನವೂ ಅದನ್ನು ಬಾಯಿಬಿಟ್ಟು ಆಡಿದವರಲ್ಲ.

"ನಂಬ್ಸಿ ಕರ್ಕಂಡೋಗ್ಬೇಡ ಕಣಮ್ಮಿ" ಎಂದರು. "ಅಲ್ಲಿ ಮಗ ದಿನಾ ಗೇಟ್‌ತಾವು ನಿಂತ್ಕಂಡು ಕಾಯ್ತದೆ. ನಾ ಬರಕ್ಕಿಲ್ಲ. ಅಂಗ್ ಕಾಯೋದ ನೆನೆಸ್ಕಂಡು ನಾ ಇಲ್ಲಿ ಎಂಗೆ ಉಣ್ಲಿ?"

"ಹೇಗೆ ಹೇಳೋದು ಅತ್ತೆ?"

"ನೀ ಹೇಳಕ್ಕೋದ್ರೆ ಸುತ್ತಿ ಬಳಸಿ ಇನ್ನೊಂದ್ ಫಾರಿನ್ ಕಟ್ತೀಯ. ನಾನೇ ಹೇಳ್ತೀನಿ ತಕ್ಕೊ."

ಜಗುಲಿಯ ಮೇಲೆ ಕಾಲು ಚಾಚಿ ಕೂತು ಮಗುವನ್ನು ಎದುರಿಗೆ ಕೂರಿಸಿಕೊಂಡರು.

"ಮಗ, ಇಲ್ ಕೇಳು. ನೀ ಹೋಗೋ ಫಾರಿನ್ನಿಗೆ ಬಸ್ಸಿಲ್ಲ."

"ಹನ್ನೊಂದೂವರೆ ಬಸ್ಸು?"

"ಅದೂ ಇಲ್ಲ. ಅದು ಮಂಡ್ಯ ಗಂಟ ಅಷ್ಟೇಯ. ಅಲ್ಲಿಗೆ ಅಜ್ಜಿ ಬರಕ್ಕಾಗಕ್ಕಿಲ್ಲ."

ಮೈತ್ರಿ ಯೋಚಿಸಿದಳು. "ಇಟ್ಟು ಯಾರ್ ಮಾಡ್ತಾರೆ?"

"ನಿಮ್ಮಮ್ಮ."

"ಅಮ್ಮಂಗೆ ಬರಲ್ಲ."

"ಬರಕ್ಕಿಲ್ಲ" ಎಂದು ಅತ್ತೆ ಒಪ್ಪಿಕೊಂಡರು. "ಗಂಟು ಗಂಟು ಮಾಡ್ತಾಳೆ. ನೀ ಪಕ್ಕದಲ್ ನಿಂತ್ಕಂಡು ಹೇಳ್ಕೊಡು. ಹತ್ತು ತಿಂಗ್ಳು ಹೇಳ್ಕೊಟ್ರೆ ಎಂಥೋರ್ಗೂ ಬತ್ತದೆ."

ಮೈತ್ರಿ ಅಳಲಿಲ್ಲ. ಎದ್ದು ಒಳಗೆ ಬಂದು, ಸೂಟ್‌ಕೇಸಿನಿಂದ ತನ್ನ ಫ್ರಾಕುಗಳನ್ನು ಒಂದೊಂದಾಗಿ ತೆಗೆದು, ಅಜ್ಜಿಯ ಸೀರೆಗಳಿರುವ ಟ್ರಂಕಿನ ಮೇಲೆ ಪೇರಿಸಿದಳು. ಸ್ವೆಟರನ್ನೂ. ಚಪ್ಪಲಿಯನ್ನು ಹೊಸಿಲಾಚೆ ಒಯ್ದು ಅಜ್ಜಿಯ ಚಪ್ಪಲಿಯ ಪಕ್ಕ ಬಿಟ್ಟಳು. ನಾನು ತಡೆಯಲಿಲ್ಲ. ನನ್ನ ಮಗಳಿಗೆ ಮೊದಲ ಸಲ ನಿಜ ಗೊತ್ತಾಗಿತ್ತು. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಕೇಳಿಸಿಕೊಳ್ಳಬೇಕು ಎನ್ನಿಸಿತು.

7

(ಆರನೇ ಭಾಗ ಇತ್ತು. ಅದರಲ್ಲಿ ಅತ್ತೆ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡರು ಎಂದು ಬರೆದಿದ್ದೆ. ನಿನ್ನೆ ಓದಿಸಿ ಕೇಳಿದ ಮೇಲೆ, "ಒಗೆ ಕಣ್ಣಿಗೆ ಬಂದಿತ್ತು. ತಗಿ ಅದ" ಎಂದರು. "ಅತ್ತೆ, ಗ್ಯಾಸ್ ಒಲೆಯಲ್ಲಿ ಹೊಗೆ ಎಲ್ಲಿಂದ ಬರ್ತದೆ?" ಎಂದೆ. "ತಗಿ ಅಂದ್ನಲ್ಲ." ತೆಗೆದಿದ್ದೇನೆ. ನೀವು ಓದಿಲ್ಲ.)

ಸೋಮವಾರ ಬೆಳಗ್ಗೆ ಸೂಟ್‌ಕೇಸು ನೋಡುತ್ತೇನೆ: ರಾಗಿ ಹಿಟ್ಟಿನ ಪ್ಯಾಕೆಟ್ಟಿಗೂ ಕುಕ್ಕರಿಗೂ ನಡುವಿನ ಸಂದಿಯಲ್ಲಿ ಮೈತ್ರಿಯ ಚಪ್ಪಲಿ. ಒಂದು ಜೊತೆ. ಧೂಳು ಒರೆಸಿ, ಎಡ ಬಲ ಸರಿಯಾಗಿ ಜೋಡಿಸಿ, ನ್ಯೂಸ್ ಪೇಪರಿನಲ್ಲಿ ಸುತ್ತಿದೆ. ಫ್ರಾಕುಗಳು ಮಾತ್ರ ಟ್ರಂಕಿನ ಮೇಲೇ ಇದ್ದವು.

ಇಲ್ಲಿ ಕಥೆ ಮುಗಿಯಬೇಕು. ಮೂರು ಬಗೆಯಲ್ಲಿ ಮುಗಿಸಲು ನೋಡಿದೆ.

ಒಂದು: ಚಪ್ಪಲಿ ಇಟ್ಟವಳು ಮೈತ್ರಿ. ಬಸ್ಸಿಲ್ಲದ ಊರಿಗೂ ಅಮ್ಮನ ಜೊತೆ ಬರುತ್ತೇನೆ ಎಂದು ತೀರ್ಮಾನಿಸಿದ್ದಾಳೆ. (ನನಗೆ ಬೇಕಾದ ಮುಕ್ತಾಯ. ಅದಕ್ಕೇ ನಂಬುವುದಿಲ್ಲ. ಅವಳಿಗೆ ಪೇಪರು ಸುತ್ತಲು ಬರುತ್ತದೆಯೇ?)

ಎರಡು: ಇಟ್ಟವರು ಅತ್ತೆ. ಮೊಮ್ಮಗಳನ್ನು ಕಳಿಸಿಕೊಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರೆ. ಕೇಳಿದೆ. "ನಾ ಯಾಕ್ ಇಡ್ಲಿ? ಚಪ್ಲಿಯ ಇಟ್ಟಿನ್ ಪಕ್ಕ ಇಡೋಳೇ ನಾನು?" ಎಂದರು. ಮಾತು ಸರಿಯಾಗೇ ಇದೆ. ಆದರೆ ಹನ್ನೊಂದೂವರೆ ಬಸ್ಸಿನ ವಿಷಯದಲ್ಲೂ ಅವರ ಮುಖ ಹೀಗೇ ಇತ್ತು.

ಮೂರು: ಇಟ್ಟವರು ಶಿವರಾಮು. ಈ ಮುಕ್ತಾಯವನ್ನು ಅವರ ಒತ್ತಾಯಕ್ಕೆ ಸೇರಿಸಿದ್ದೇನೆ. ಅವರು ಇಟ್ಟಿಲ್ಲ ಎಂದು ಅವರೇ ಹೇಳುತ್ತಾರೆ. "ಆದ್ರೂ ನನ್ ಹೆಸ್ರು ಒಂದ್ಸಲ ಬರ್ಲಿ" ಎಂದರು.

ಮೈತ್ರಿಯನ್ನು ನಾನು ಕೇಳಿಲ್ಲ. ಕೇಳಿದರೆ ನನ್ನ ಮುಖ ನೋಡಿ, ನನಗೆ ಏನು ಬೇಕೋ ಅದನ್ನೇ ಹೇಳಿಬಿಡಬಹುದು. ಮಕ್ಕಳಿಗೆ ಆ ಕಲೆ ಇದೆ. ನಾಳೆ ಬುಧವಾರದವರೆಗೂ ಸೂಟ್‌ಕೇಸು ತೆರೆದೇ ಇರಲಿ ಎಂದಿದ್ದೇನೆ. ಅವಳು ಫ್ರಾಕು ಹಾಕಿದರೆ ಹಾಕಲಿ, ಚಪ್ಪಲಿ ತೆಗೆದರೆ ತೆಗೆಯಲಿ. ಅವಳು ಇಲ್ಲಿ ಉಳಿದರೆ ಪ್ರೀತಿಯಿಂದ ನೋಡಿಕೊಳ್ಳುವವರಿದ್ದಾರೆ, ನನ್ನ ಜೊತೆ ಬಂದರೆ ಪ್ರೀತಿಯಿಂದ ಕಳಿಸಿಕೊಡುವವರಿದ್ದಾರೆ. ಎರಡೂ ಕಡೆ ಇರುವುದು ಒಬ್ಬರೇ. ಇಷ್ಟು ಭಾಗ್ಯ ಇಟ್ಟುಕೊಂಡು ಇನ್ನೂ ಅಂಜುತ್ತೇನಲ್ಲ ಎಂದು ನಾಚಿಕೆಯಾಗುತ್ತದೆ, ಆದರೂ ಅಂಜುತ್ತೇನೆ.

ಈಗ ಮಂಗಳವಾರ, ಮಧ್ಯಾಹ್ನ. ಒಳಗೆ ಮೈತ್ರಿ ಸ್ಟೂಲಿನ ಮೇಲೆ ನಿಂತು, ಅಜ್ಜಿ ಮುದ್ದೆ ತಿರುವುವುದನ್ನು ಎಂದೂ ಇಲ್ಲದಷ್ಟು ಗಮನವಿಟ್ಟು ನೋಡುತ್ತಿದ್ದಾಳೆ. ಅತ್ತೆ ಏನೋ ಹೇಳುತ್ತಿದ್ದಾರೆ, ಇಲ್ಲಿಗೆ ಕೇಳಿಸುತ್ತಿಲ್ಲ.

ಬರೆಯುವವಳು ನಾನು. ಆ ಚಪ್ಪಲಿ ಇಟ್ಟವರು ಯಾರು ಎಂದು ನನಗಾದರೂ ಗೊತ್ತಿರಬೇಕಿತ್ತು. ಗೊತ್ತಿಲ್ಲ.